ನಕ್ಷೆ ಕಾಯುವವರಿಗೂ ಸಂಘ ಬೇಕು

ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ ನಮಗೆ ಹೊಸ ಕಟ್ಟಡದ ನಕ್ಷೆ ಬರೆಯುವುದನ್ನು ಕಲಿಸುತ್ತಾರೆ. ಆ ನಕ್ಷೆ ಐವತ್ತು ವರ್ಷಗಳ ನಂತರ ಎಲ್ಲಿರಬೇಕು, ಅದನ್ನು ಯಾರು ಕಾಪಾಡಬೇಕು ಎಂಬ ಪಾಠ ನನಗಂತೂ ಇದುವರೆಗೆ ಸಿಕ್ಕಿಲ್ಲ. ಆದರೆ ಹಳೆಯ ಕಟ್ಟಡ ಬಿರುಕು ಬಿಟ್ಟಾಗ, ಮೇಲೊಂದು ಅಂತಸ್ತು ಏರಿಸಬೇಕಾದಾಗ ಎಂಜಿನಿಯರ್ ಮೊದಲು ಕೇಳುವುದೇ ಅದನ್ನು. ನಕ್ಷೆ ಇಲ್ಲದಿದ್ದರೆ ಕಾಂಕ್ರೀಟಿನೊಳಗೆ ಕಂಬಿ ಎಷ್ಟಿದೆ ಎಂದು ತಿಳಿಯಲು ಸ್ಕ್ಯಾನ್ ಮಾಡಬೇಕು, ಅಲ್ಲಲ್ಲಿ ಒಡೆದೂ ನೋಡಬೇಕು.

ದೆಹಲಿಯ ಪ್ರಗತಿ ಮೈದಾನದ ‘ಹಾಲ್ ಆಫ್ ನೇಷನ್ಸ್’ ನೋಡಿ. ವಾಸ್ತುಶಿಲ್ಪಿ ರಾಜ್ ರೇವಾಲ್, ಎಂಜಿನಿಯರ್ ಮಹೇಂದ್ರ ರಾಜ್ ಸೇರಿ 1972ರಲ್ಲಿ ರೂಪಿಸಿದ ಆ ಕಾಂಕ್ರೀಟ್ ಅಚ್ಚರಿಯನ್ನು 2017ರಲ್ಲಿ ಕೆಡವಿದರು. ಈಗ ಅದರಿಂದ ಏನಾದರೂ ಕಲಿಯಬೇಕೆಂದರೆ ನಕ್ಷೆ, ಮಾದರಿ, ಫೋಟೊಗಳೇ ಗತಿ.

ಇವುಗಳನ್ನು ಕಾಯುವುದೂ ಒಂದು ವಿದ್ಯೆ. ಬ್ಲೂಪ್ರಿಂಟ್ ಬೆಳಕಿಗೆ ಮಂಕಾಗುತ್ತದೆ. ಬೇರೆ ಹಳೆಯ ಕಾಗದಗಳನ್ನು ಕಾಪಾಡುವ ಕ್ಷಾರಯುಕ್ತ ಲಕೋಟೆ ಇದನ್ನು ಹಾಳು ಮಾಡುತ್ತದೆ. ಕ್ಯಾಡ್ ಫೈಲ್ ಇದೆಯಲ್ಲ ಎನ್ನಬಹುದು. ಸಾಫ್ಟ್‌ವೇರ್ ಬದಲಾದರೆ ಅದನ್ನು ತೆರೆಯುವುದೂ ಕಷ್ಟವೇ. ಒಂದು ಕಾಲೇಜಿನ ಒಬ್ಬರೇ ಗ್ರಂಥಪಾಲಕರು ಇಷ್ಟನ್ನೆಲ್ಲ ಕಲಿಯುವುದು ಹೇಗೆ?

ಇದಕ್ಕೆಂದೇ ಬ್ರಿಟನ್‌ನಲ್ಲಿ 1969ರಲ್ಲಿ, ಉತ್ತರ ಅಮೆರಿಕದಲ್ಲಿ 1972ರಲ್ಲಿ ಕಲೆ ಮತ್ತು ವಾಸ್ತುಶಿಲ್ಪ ಗ್ರಂಥಾಲಯಗಳವರು ಸಂಘ ಕಟ್ಟಿಕೊಂಡರು. 1979ರಲ್ಲಿ ಉತ್ತರ ಅಮೆರಿಕದ ವಾಸ್ತುಶಿಲ್ಪ ಶಾಲೆಗಳ ಗ್ರಂಥಪಾಲಕರು ತಮ್ಮದೇ ಸಂಘ ಮಾಡಿಕೊಂಡು, ಇಂಥ ಗ್ರಂಥಾಲಯದಲ್ಲಿ ಇರಲೇಬೇಕಾದ ನಿಯತಕಾಲಿಕೆಗಳ ಪಟ್ಟಿಯನ್ನೂ ರೂಪಿಸಿದರು. ಅದೇ ವರ್ಷ ಹೆಲ್ಸಿಂಕಿಯಲ್ಲಿ ವಾಸ್ತುಶಿಲ್ಪ ಮ್ಯೂಸಿಯಂಗಳ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿತು.

ಸಂಘ ಎಂದರೆ ಹಾರ, ಶಾಲು, ಭಾಷಣ ಎಂದು ಗೇಲಿ ಮಾಡುವವರಿದ್ದಾರೆ. ಆದರೆ ಒಬ್ಬರ ಅನುಭವ ನೂರು ಜನರಿಗೆ ತಲುಪುವುದು, ಹೊಸಬರಿಗೆ ಹಿರಿಯರ ಪರಿಚಯವಾಗುವುದು, ಒಂದು ಕೆಲಸಕ್ಕೆ ಬೇಕಾದ ಅರ್ಹತೆ ನಿಗದಿಯಾಗುವುದು ಸಂಘದಿಂದಲೇ. ಕೆಲಸ ಹುಡುಕುವ ನಮಗೆ ಇದು ಸಣ್ಣ ವಿಷಯವಲ್ಲ. ಗ್ರಂಥಾಲಯ ವಿಜ್ಞಾನ ಓದಿದವರಿಗೆ ನಕ್ಷೆ ಓದಲು ಬರಬೇಕು, ನಕ್ಷೆ ಬರೆಯುವ ನಮಗೆ ಅದನ್ನು ಕಾಯಲು ಬರಬೇಕು. ಈ ಇಬ್ಬರನ್ನೂ ಒಂದೆಡೆ ಕೂರಿಸುವ ವೇದಿಕೆ ಬೇಕು.

ನಮಗೇನೂ ಪರಂಪರೆಯ ಕೊರತೆಯಿಲ್ಲ. ಭಾರತೀಯ ಗ್ರಂಥಾಲಯ ಸಂಘ 1933ರಷ್ಟು ಹಳೆಯದು. ಗಣಿತದ ಮೇಷ್ಟರಾಗಿದ್ದ ಎಸ್.ಆರ್. ರಂಗನಾಥನ್ 1962ರಲ್ಲಿ ದಾಖಲೀಕರಣದ ಸಂಶೋಧನೆ, ತರಬೇತಿ ಕೇಂದ್ರ ಕಟ್ಟಿದ್ದು ಬೆಂಗಳೂರಿನಲ್ಲೇ. ಅದೇ ಊರಿನಿಂದ, ವಾಸ್ತುಶಿಲ್ಪ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಗ್ರಂಥಪಾಲಕರು ಸೇರಿ ಈ ಕೆಲಸ ಶುರು ಮಾಡಬಹುದು. ಮೊದಲ ಸಭೆಗೆ ವಿದ್ಯಾರ್ಥಿಗಳನ್ನೂ ಕರೆಯಲಿ. ನಾಳೆ ಆ ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡಬೇಕಾದವರು ನಾವೇ.