ಐನು ಜನರ ಅಸ್ಥಿಗಳೂ ವಿಜ್ಞಾನದ ಹೊಣೆಯೂ

ವಿಜ್ಞಾನದ ಚರಿತ್ರೆಯನ್ನು ಬೋಧಿಸುವಾಗ ನಾವು ಸಾಮಾನ್ಯವಾಗಿ ಅದರ ಗೆಲವುಗಳನ್ನೇ ಹೇಳುತ್ತೇವೆ. ಅದರ ಹೆಸರಿನಲ್ಲಿ ಗೋರಿಗಳನ್ನು ಅಗೆದ ಕಥೆಯನ್ನು ಹೇಳುವುದು ಅಪರೂಪ. ಉತ್ತರ ಜಪಾನಿನ ಐನು ಜನರ ವಿಷಯದಲ್ಲಿ ನಡೆದದ್ದು ಅದೇ. ವಿದ್ಯಾರ್ಥಿಗಳು ಇದನ್ನೂ ಅರಿಯಬೇಕೆಂಬುದು ನಮ್ಮ ಅಭಿಪ್ರಾಯ.

ಹೊಕ್ಕೈಡೊ ಎಂಬ ಹೆಸರು ಆ ದ್ವೀಪಕ್ಕೆ ಬಂದುದು 1869ರಲ್ಲಿ. ಅದಕ್ಕೆ ಮೊದಲು ಜಪಾನೀಯರು ಅದನ್ನು ಎಜೊ ಎನ್ನುತ್ತಿದ್ದರು. ತಲೆತಲಾಂತರದಿಂದ ಅಲ್ಲಿ ಬಾಳಿದವರಿಗೆ ಅದು ಐನು ಮೊಸಿರ್, ಎಂದರೆ ಮನುಷ್ಯರ ನೆಲ. 'ಐನು' ಎಂಬ ಮಾತಿಗೆ ಮನುಷ್ಯ ಎಂದೇ ಅರ್ಥ. ಕಾಡಿನ ಜಿಂಕೆಯೂ ಹೊಳೆಯ ಸಾಲ್ಮನ್ ಮೀನೂ ಅವರ ಜೀವನಾಧಾರ. ಸಾಲ್ಮನ್ನನ್ನು ಅವರು 'ಕಮುಯ್ ಚೆಪ್', ದೇವಮೀನು, ಎಂದು ಕರೆದರು. 1869ರಲ್ಲಿಯೇ ಮೆಯಿಜಿ ಸರ್ಕಾರ ದ್ವೀಪದಲ್ಲಿ ಜನರನ್ನು ನೆಲೆಗೊಳಿಸಲು ಒಂದು ಇಲಾಖೆಯನ್ನು ತೆರೆಯಿತು. 1871ರಲ್ಲಿ ಐನು ಸ್ತ್ರೀಯರ ಹಚ್ಚೆಯನ್ನೂ, 1876ರಲ್ಲಿ ವಿಷಬಾಣದ ಬೇಟೆಯನ್ನೂ ನಿಷೇಧಿಸಲಾಯಿತು. ಹೊಳೆಗಳಲ್ಲಿ ಸಾಲ್ಮನ್ ಹಿಡಿಯುವುದೂ ಕ್ರಮೇಣ ಅಪರಾಧವಾಯಿತು. ತಮ್ಮ ಮನೆಯ ಮುಂದಿನ ಹೊಳೆಯಲ್ಲಿ ಮೀನು ಹಿಡಿದವನು ಕಳ್ಳನೆನಿಸಿದನು! ಮುಂದೆ 1994ರಲ್ಲಿ ಜಪಾನಿನ ಸಂಸತ್ತನ್ನು ಪ್ರವೇಶಿಸಿದ ಮೊದಲ ಐನು, ಶಿಗೆರು ಕಯಾನೊ. ಅವರ ತಂದೆಯನ್ನು ಪೋಲೀಸರು ಈ ಅಪರಾಧಕ್ಕಾಗಿಯೇ ಹಿಡಿದೊಯ್ದಿದ್ದರು.

1899ರಲ್ಲಿ ಬಂದ ಶಾಸನದ ಹೆಸರು 'ಸಂರಕ್ಷಣಾ ಶಾಸನ'. ಅದರ ಪ್ರಕಾರ ಐನು ಸಂಸಾರವೊಂದಕ್ಕೆ ಹೆಚ್ಚೆಂದರೆ ಸುಮಾರು 5 ಹೆಕ್ಟೇರು ನೆಲ. ಹದಿನೈದು ವರ್ಷಗಳಲ್ಲಿ ಸಾಗು ಮಾಡದಿದ್ದರೆ ಅದೂ ಸರ್ಕಾರಕ್ಕೆ ಹಿಂದಕ್ಕೆ. ಒಳ್ಳೆಯ ಭೂಮಿ ಅಷ್ಟರಲ್ಲಿ ವಲಸಿಗರ ಕೈಸೇರಿದ್ದಿತು. ಮಕ್ಕಳಿಗೆ ಜಪಾನೀ ಭಾಷೆಯಲ್ಲೇ ಪಾಠ. ಈ ಶಾಸನ ರದ್ದಾದುದು 1997ರಲ್ಲಿ.

ಜೀವಂತರ ಗತಿ ಹೀಗಿರಲು ಸತ್ತವರಿಗೂ ನೆಮ್ಮದಿ ದೊರೆಯಲಿಲ್ಲ. ಐನು ಜನರು ಐರೋಪ್ಯ ಕುಲದವರೇ ಎಂಬ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದ ಪಂಡಿತರನ್ನು ಕಾಡಿತು. ತಲೆಬುರುಡೆಯ ಉದ್ದ ಅಗಲಗಳಿಂದ ಇದನ್ನು ನಿರ್ಧರಿಸಬಹುದೆಂದು ಅವರು ನಂಬಿದ್ದರು. (ನಮ್ಮ ದೇಶದಲ್ಲಿ ರಿಸ್ಲೆ ಎಂಬ ಅಧಿಕಾರಿ ಮೂಗುಗಳನ್ನು ಅಳೆಯುತ್ತಿದ್ದ ಕಾಲವೂ ಅದೇ.) 1865ರಲ್ಲಿ ಹಕೊಡಾಟೆಯ ಬ್ರಿಟಿಷ್ ದೂತಾವಾಸದವರು ಐನು ಗೋರಿಗಳನ್ನು ಅಗೆದು ಎಲುಬುಗಳನ್ನು ಇಂಗ್ಲೆಂಡಿಗೆ ಕಳುಹಿಸಿದರು. 1888ರಿಂದ ಟೋಕಿಯೋದ ಅಂಗರಚನಾಶಾಸ್ತ್ರಜ್ಞ ಕೊಗಾನೆಯಿ 150ಕ್ಕೂ ಹೆಚ್ಚು ಬುರುಡೆಗಳನ್ನು ಸಂಗ್ರಹಿಸಿದರು. 1930ರ ದಶಕದಲ್ಲಿ ಹೊಕ್ಕೈಡೊ ವಿಶ್ವವಿದ್ಯಾನಿಲಯದ ಕೊಡಾಮ ಇದೇ ಕಾರ್ಯವನ್ನು ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಸಿದರು. ಜಪಾನಿನ ವಿಶ್ವವಿದ್ಯಾನಿಲಯಗಳಲ್ಲಿ 1,600ಕ್ಕೂ ಹೆಚ್ಚು ಐನು ಜನರ ಅಸ್ಥಿಗಳಿವೆಯೆಂದು 2013ರಲ್ಲಿ ಪ್ರಕಟವಾದ ಸರ್ಕಾರದ ಸಮೀಕ್ಷೆ ತಿಳಿಸಿತು.

ಅಂದಿನ ಕಾಲದ ನೀತಿಯೇ ಹಾಗಿತ್ತು, ಇಂದಿನ ಕಣ್ಣಿನಿಂದ ಅಳೆಯಬಾರದು ಎಂದು ಕೆಲವರು ವಾದಿಸುವರು. ನಾವು ಒಪ್ಪಲಾರೆವು. 1865ರ ಪ್ರಕರಣದಲ್ಲಿ ಐನು ಜನರು ದೂರು ಕೊಟ್ಟರು, ಜಪಾನೀ ಅಧಿಕಾರಿಗಳೇ ಪ್ರತಿಭಟಿಸಿದರು, ಅಗೆದವರಿಗೆ ಶಿಕ್ಷೆಯಾಯಿತು. ವಿದೇಶೀಯನು ಮಾಡಿದಾಗ ಅಪರಾಧವೆನಿಸಿದುದು, ಇಪ್ಪತ್ತಮೂರು ವರ್ಷಗಳ ಅನಂತರ ಸ್ವದೇಶದ ಪ್ರಾಧ್ಯಾಪಕರು ಮಾಡಿದಾಗ ಸಂಶೋಧನೆ ಎನಿಸಿಕೊಂಡಿತು. ತಪ್ಪೆಂದು ಅರಿಯದೆ ಮಾಡಿದ ಕೆಲಸವೆಂದು ಹೇಳಲು ಇಲ್ಲಿ ಅವಕಾಶವಿಲ್ಲ.

ಅಸ್ಥಿಗಳನ್ನು ಹಿಂದಿರುಗಿಸಿದರೆ ಜ್ಞಾನ ನಷ್ಟವಾಗುವುದೆಂಬುದು ಎರಡನೆಯ ವಾದ. ಇದನ್ನು ಅಳತೆಯ ಶಾಸ್ತ್ರವನ್ನೇ ಕಲಿಸುವ ನಾವು ಸ್ವಲ್ಪ ವಿಚಾರಿಸಬೇಕು. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯು ಯಾವ ತಂತಿ, ಎಷ್ಟು ಉಷ್ಣತೆ ಎಂಬುದನ್ನು ಬರೆಯದೆ ಬರಿಯ ಅಂಕಿಗಳನ್ನು ತಂದರೆ ಪುಸ್ತಕವನ್ನು ಹಿಂದಕ್ಕೆ ಕೊಡುತ್ತೇವೆ. ಈ ಪಂಡಿತರು ಮಾಡಿದುದೇನು? ಬುರುಡೆಗಳನ್ನು ದೇಹದ ಉಳಿದ ಮೂಳೆಗಳಿಂದ ಬೇರ್ಪಡಿಸಿದರು. ಯಾರದೆಂದು ಹೇಳಲಾಗದ ಮೂಳೆಗಳು ತುಂಬಿದ ಪೆಟ್ಟಿಗೆಗಳೇ 500ಕ್ಕಿಂತ ಹೆಚ್ಚು. ಹೆಸರು ತಿಳಿದವು ಅತ್ಯಲ್ಪ. ಇಷ್ಟಾಗಿಯೂ ಐರೋಪ್ಯ ಕುಲದ ಆ ಊಹೆ ನಿಲ್ಲಲಿಲ್ಲ. ಐನು ಜನರು ಜಪಾನ್ ದ್ವೀಪಗಳ ಪ್ರಾಚೀನ ಜೋಮನ್ ನಿವಾಸಿಗಳಿಗೆ ಹತ್ತಿರದವರೆಂದು ತಳಿವಿಜ್ಞಾನ ತೋರಿಸಿದೆ. ಹೊಸ ಪ್ರಶ್ನೆಗಳಿಗೆ ಆ ಮೂಳೆಗಳು ನಾಳೆ ಉಪಯೋಗಕ್ಕೆ ಬರಬಹುದು, ನಿಜ. ಆದರೆ ಮೊಮ್ಮಕ್ಕಳನ್ನು ಕೇಳಿ ಪಡೆಯಬೇಕಾದುದನ್ನು ಕೇಳದೆ ಇಟ್ಟುಕೊಳ್ಳುವುದಕ್ಕೆ ಅದು ಕಾರಣವಾಗದು.

2012ರಲ್ಲಿ ಕೆಲವು ಐನು ಜನರು ಹೊಕ್ಕೈಡೊ ವಿಶ್ವವಿದ್ಯಾನಿಲಯದ ಮೇಲೆ ಮೊಕದ್ದಮೆ ಹೂಡಿದರು. ರಾಜಿಯಾಗಿ, 2016ರ ಜುಲೈ ತಿಂಗಳಲ್ಲಿ 12 ಜನರ ಅಸ್ಥಿಗಳು ಉರಕಾವಕ್ಕೆ ಮರಳಿ, ಐನು ವಿಧಿಯಂತೆ ಮಣ್ಣು ಸೇರಿದುವು. 2017ರಲ್ಲಿ ಜರ್ಮನಿಯೂ 2023ರಲ್ಲಿ ಆಸ್ಟ್ರೇಲಿಯವೂ ಐನು ಅಸ್ಥಿಗಳನ್ನು ಹಿಂದಿರುಗಿಸಿದುವು. ಐನು ಜನರು ಮೂಲನಿವಾಸಿಗಳೆಂದು 2019ರ ಶಾಸನ ಒಪ್ಪಿಕೊಂಡಿತು. 2020ರಲ್ಲಿ ಶಿರಾವೊಯಿಯಲ್ಲಿ ಐನು ಸಂಸ್ಕೃತಿಯ ರಾಷ್ಟ್ರೀಯ ಕೇಂದ್ರ ತೆರೆಯಿತು. ವಿಶ್ವವಿದ್ಯಾನಿಲಯಗಳ ಅಸ್ಥಿಗಳಲ್ಲಿ ಹೆಚ್ಚಿನವು ಅಲ್ಲಿನ ಸ್ಮಾರಕ ಭವನಕ್ಕೆ ಸಾಗಿದುವು. ಇದನ್ನು ಮರಳಿಕೆಯೆಂದು ಕರೆಯಲು ನಮಗೆ ಮನಸ್ಸು ಬಾರದು. ಊರಿನ ಮಣ್ಣಿನಿಂದ ತೆಗೆದವರನ್ನು ಒಂದು ಉಗ್ರಾಣದಿಂದ ಇನ್ನೊಂದು ಹೆಚ್ಚು ಗೌರವದ ಉಗ್ರಾಣಕ್ಕೆ ಒಯ್ದಂತಾಯಿತು, ಅಷ್ಟೆ.

ಉರಹೊರೊ ಎಂಬ ಊರಿನ ಐನು ಸಂಘದವರು ತಮ್ಮ ಹಿರಿಯರ ಅಸ್ಥಿಗಳನ್ನು ಪಡೆದು ಮಣ್ಣುಮಾಡಿದರು. ಬಳಿಕ, ಆ ಹಿರಿಯರು ಹಿಡಿಯುತ್ತಿದ್ದ ಸಾಲ್ಮನ್ನನ್ನು ತಮ್ಮ ಹೊಳೆಯಲ್ಲಿ ಹಿಡಿಯುವ ಹಕ್ಕು ತಮಗುಂಟೆಂದು 2020ರಲ್ಲಿ ನ್ಯಾಯಾಲಯಕ್ಕೆ ಹೋದರು. 2024ರ ಏಪ್ರಿಲ್ ತಿಂಗಳಲ್ಲಿ ಸಪ್ಪೊರೊ ಜಿಲ್ಲಾ ನ್ಯಾಯಾಲಯ ಆ ಬೇಡಿಕೆಯನ್ನು ತಳ್ಳಿಹಾಕಿತು.