ದಾದಿಯ ಸಾಲ, ಆಸ್ಪತ್ರೆಯ ಲಾಭ

ಕಳೆದ ವಾರ ಅಕ್ಕಿ ಗಿರಣಿಯ ಹಮಾಲಿ ಮಿತ್ರರೊಬ್ಬರು ಬ್ಯಾಂಕಿನ ಸಾಲಪತ್ರ ಹಿಡಿದುಕೊಂಡು ನಮ್ಮ ಕಚೇರಿಗೆ ಬಂದಿದ್ದರು. ಮಗಳು ಪಿಯುಸಿ ಪಾಸು ಮಾಡಿದ್ದಾಳೆ, ಬಿ.ಎಸ್‌ಸಿ. ನರ್ಸಿಂಗ್ ಓದುವ ಹಂಬಲ. ಖಾಸಗಿ ಕಾಲೇಜಿನಲ್ಲಿ ಸೀಟು ಸಿಗುತ್ತದೆ, ಆದರೆ ನಾಲ್ಕು ವರ್ಷಕ್ಕೆ ನಾಲ್ಕು ಲಕ್ಷ ರೂಪಾಯಿ ಬೇಕು. “ಸಹಿ ಹಾಕಲೇನಣ್ಣ, ಬೇಡವೇ?” ಎಂದು ಕೇಳಿದರು.

ಈ ಪ್ರಶ್ನೆ ಅವರೊಬ್ಬರದಲ್ಲ. ನಮ್ಮ ವಾಚಕರ ಎಷ್ಟೋ ಮನೆಗಳಲ್ಲಿ ಈಗ ಇದೇ ಮಾತು ನಡೆದಿದೆ. ಆದುದರಿಂದ ಲೆಕ್ಕವನ್ನು ಎಲ್ಲರೆದುರಿಗೇ ಬಿಚ್ಚಿಡುವುದು ಒಳ್ಳೆಯದು. ಬಡ್ಡಿಯ ಲೆಕ್ಕವನ್ನು ಅಂಗಡಿಕಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮದು ತಪ್ಪಿದ್ದರೆ ಅವರೇ ತಿದ್ದಲಿ.

ವರ್ಷದ ಆರಂಭಕ್ಕೆ ಒಂದು ಲಕ್ಷದಂತೆ ನಾಲ್ಕು ಲಕ್ಷ ಸಾಲ, ಶೇಕಡಾ 10ರ ಬಡ್ಡಿ ಎಂದು ಹಿಡಿಯೋಣ. ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಆಸ್ತಿ ಅಡಮಾನ ಕೇಳುವಂತಿಲ್ಲ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ. ಇದು ಅನುಕೂಲವೇ ಸರಿ. ಆದರೆ ಕಂತು ನಿಂತಿರುತ್ತದೆಯೇ ಹೊರತು ಬಡ್ಡಿ ನಿಂತಿರುವುದಿಲ್ಲ. ಮೊದಲನೆಯ ಲಕ್ಷಕ್ಕೆ ಐದು ವರ್ಷದ ಬಡ್ಡಿ 50,000, ಎರಡನೆಯದಕ್ಕೆ 40,000, ಮೂರನೆಯದಕ್ಕೆ 30,000, ನಾಲ್ಕನೆಯದಕ್ಕೆ 20,000. ಕಂತು ಶುರುವಾಗುವ ದಿನ ನಾಲ್ಕು ಲಕ್ಷ 5,40,000 ಆಗಿ ನಿಂತಿರುತ್ತದೆ. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 7,136 ರೂಪಾಯಿ. ಒಟ್ಟು ಕಟ್ಟುವುದು ಎಂಟೂವರೆ ಲಕ್ಷಕ್ಕೂ ಮೇಲೆ. ಕಂತು ಹಗುರವಾಗಲೆಂದು ಹದಿನೈದು ವರ್ಷಕ್ಕೆ ಎಳೆದರೆ ತಿಂಗಳಿಗೆ ಸುಮಾರು 5,800, ಒಟ್ಟು ಹತ್ತು ಲಕ್ಷ ದಾಟುತ್ತದೆ.

ಇನ್ನು ಸಂಬಳದ ಕಡೆ ನೋಡೋಣ. ಕೇಂದ್ರ ಸರ್ಕಾರದ ಆಸ್ಪತ್ರೆಗೆ ಸೇರಿದ ದಾದಿಗೆ ಏಳನೆಯ ವೇತನ ಆಯೋಗ 2016ರಿಂದ ಗೊತ್ತು ಮಾಡಿದ ಆರಂಭದ ಮೂಲವೇತನ 44,900 ರೂಪಾಯಿ. ಅವಳಿಗೆ ಈ ಕಂತು ಮೂಲವೇತನದ ಆರರಲ್ಲಿ ಒಂದು ಪಾಲೂ ಆಗದು. ಅದೇ ಓದು ಓದಿದ ಹುಡುಗಿ ಖಾಸಗಿ ನರ್ಸಿಂಗ್ ಹೋಮಿನಲ್ಲಿ 15,000ಕ್ಕೆ ದುಡಿಯಬೇಕಾಗಿ ಬಂದರೆ? ಕಂತು ಕಳೆದು ಕೈಯಲ್ಲಿ ಉಳಿಯುವುದು 7,864. ಅದರಲ್ಲಿ ಹಾಸ್ಟೆಲು, ಊಟ, ಬಸ್ಸು. ಮನೆಗೆ ಏನು ಕಳಿಸಿಯಾಳು? ಓದು ಒಂದೇ, ರಾತ್ರಿ ಪಾಳಿ ಒಂದೇ, ರೋಗಿಯ ನರಳಾಟವೂ ಒಂದೇ. ಬೇರೆಯಾದದ್ದು ಯಜಮಾನ ಮಾತ್ರ.

ಹಾಗಾದರೆ ಈ ಸಾಲ ಯಾರ ಸಾಲ? ನುರಿತ ಕೈ ಬೇಕಾದದ್ದು ಆಸ್ಪತ್ರೆಗೆ. ಆ ಕೈಯನ್ನು ತಯಾರು ಮಾಡುವ ಖರ್ಚನ್ನೆಲ್ಲ ಹೊತ್ತದ್ದು ಹಮಾಲಿಯ ಮನೆ. ಎಷ್ಟೋ ಕಡೆ ಕಾಲೇಜು, ಆಸ್ಪತ್ರೆ ಎರಡೂ ಒಂದೇ ಆಡಳಿತದ್ದು. ಒಂದು ಬಾಗಿಲಲ್ಲಿ ಶುಲ್ಕ ವಸೂಲಿ, ಇನ್ನೊಂದು ಬಾಗಿಲಲ್ಲಿ ಅಗ್ಗದ ದುಡಿಮೆ. ಗಿರಣಿ ಸೇರುವ ಕೆಲಸಗಾರನಿಗೆ ಯಂತ್ರದ ಬೆಲೆಯನ್ನು ನೀನೇ ಕಟ್ಟು ಎಂದರೆ ಯಾರಾದರೂ ಒಪ್ಪುತ್ತಾರೆಯೇ? ದಾದಿಯರ ವಿಷಯದಲ್ಲಿ ಆಗಿರುವುದು ಅದೇ.

ಇದು ನಮ್ಮೊಬ್ಬರ ಕೂಗಲ್ಲ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಖಾಸಗಿ ದಾದಿಯರ ವೇತನ ವಿಚಾರಿಸಲು ಸಮಿತಿ ರಚಿಸುವಂತೆ ಕೇಂದ್ರಕ್ಕೆ ಆದೇಶಿಸಿತು. ಆ ಸಮಿತಿ ಹೇಳಿದ್ದು ಸ್ಪಷ್ಟವಾಗಿದೆ: 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಯಲ್ಲಿ ರಾಜ್ಯ ಸರ್ಕಾರದ ದಾದಿಗೆ ಸಮನಾದ ಸಂಬಳ, 100ಕ್ಕಿಂತ ಹೆಚ್ಚಿದ್ದರೆ ಅದಕ್ಕಿಂತ ಶೇಕಡಾ 10ಕ್ಕೂ, 50ರಿಂದ 100 ಹಾಸಿಗೆಯಿದ್ದರೆ ಶೇಕಡಾ 25ಕ್ಕೂ ಮೀರಿ ಕಡಿಮೆಯಾಗಕೂಡದು, 50ಕ್ಕಿಂತ ಕಡಿಮೆ ಹಾಸಿಗೆಯ ಕಡೆಯೂ 20,000ಕ್ಕಿಂತ ಕೆಳಗೆ ಇಳಿಯಕೂಡದು.

ಸಣ್ಣ ಆಸ್ಪತ್ರೆಗಳು ಮುಚ್ಚಿಹೋಗುತ್ತವೆ, ರೋಗಿಯ ಬಿಲ್ಲು ಏರುತ್ತದೆ ಎಂದು ಹೇಳುವವರುಂಟು. ನಮ್ಮ ಅಂಗಡಿಕಾರ ಮಿತ್ರರಿಗೂ ಈ ಅಂಜಿಕೆ ಇರಬಹುದು. ಹಾಸಿಗೆಯ ಸಂಖ್ಯೆ ನೋಡಿ ಮೆಟ್ಟಿಲು ಮೆಟ್ಟಿಲಾಗಿ ವೇತನ ಕಟ್ಟಿದ್ದೇ ಈ ಅಂಜಿಕೆಗೆ ಉತ್ತರ. ಸುಸ್ತಾದ, ಸಾಲದ ಚಿಂತೆಯಲ್ಲಿ ಪಾಳಿಯ ಮೇಲೆ ಪಾಳಿ ಮಾಡುವ ದಾದಿಯ ಕೈಯಲ್ಲಿ ನಮ್ಮ ತಾಯಿಯ ಸಲೈನು ಇರುವುದು ಯಾರಿಗೆ ಕ್ಷೇಮ?

ಆದರೆ ಸಮಿತಿಯ ಸಲಹೆ ತಾನಾಗಿ ಸಂಬಳವಾಗುವುದಿಲ್ಲ. ನೆರೆಯ ಕೇರಳದಲ್ಲಿ ದಾದಿಯರು ಸಂಘ ಕಟ್ಟಿ 2017ರಲ್ಲಿ ಮುಷ್ಕರಕ್ಕಿಳಿದರು. 2018ರ ಏಪ್ರಿಲಿನಲ್ಲಿ 20,000 ರೂಪಾಯಿಯ ಕನಿಷ್ಠ ವೇತನದ ಅಧಿಸೂಚನೆ ಹೊರಬಿತ್ತು. ಶಿಕ್ಷಣ ಸಾಲದಲ್ಲಿ ಮುಳುಗಿದ ಮನೆಗಳಿಗಾಗಿ ಅಲ್ಲಿನ ಸರ್ಕಾರ 2017ರಲ್ಲೇ ನೆರವಿನ ಯೋಜನೆಯನ್ನೂ ತಂದಿತು. ಆ ರಾಜ್ಯದ ಎಷ್ಟೋ ಹುಡುಗಿಯರು ಓದಿದ್ದು ನಮ್ಮ ಮಂಗಳೂರು, ಬೆಂಗಳೂರುಗಳ ಕಾಲೇಜುಗಳಲ್ಲೇ ಎಂಬುದನ್ನು ನಾವು ಮರೆಯಬಾರದು. ಶುಲ್ಕ ಇಲ್ಲಿ ಉಳಿಯಿತು, ಸಾಲ ಅಲ್ಲಿಗೆ ಹೋಯಿತು.

ಆ ಮಿತ್ರರಿಗೆ ನಾವು ಹೇಳಿದ್ದಿಷ್ಟು. ಮಗಳ ಓದು ನಿಲ್ಲಿಸಬೇಡಿ. ಮೊದಲು ಸರ್ಕಾರಿ ಕಾಲೇಜಿನ ಸೀಟಿಗೆ, ಸರ್ಕಾರಿ ಕೋಟಾಕ್ಕೆ ಪ್ರಯತ್ನಿಸಿ. ಅದು ಮುಗಿಯುವ ತನಕ ಏಜೆಂಟರ ಕೈಗೆ ಬಿಡಿಗಾಸು ಕೊಡಬೇಡಿ. ಮೂರು ವರ್ಷದ ಜಿ.ಎನ್.ಎಂ. ಕೂಡ ದಾದಿಯ ಕೆಲಸಕ್ಕೆ ದಾರಿಯೇ. ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗಿನ ವರಮಾನದ ಮನೆಗಳ ಪರವಾಗಿ ಓದಿನ ಕಾಲದ ಬಡ್ಡಿಯನ್ನು ಕೇಂದ್ರವೇ ಭರಿಸುವ ಯೋಜನೆಯುಂಟು. ಆದರೆ ಎಲ್ಲ ಕಾಲೇಜುಗಳಿಗೂ ಅದು ಸಲ್ಲದು, ಸಹಿಗೆ ಮುಂಚೆ ಬ್ಯಾಂಕಿನಲ್ಲಿ ವಿಚಾರಿಸಿ. ಕಳೆದ ಬಾರಿ ಪಾಸಾದ ಹುಡುಗಿಯರು ಎಲ್ಲಿದ್ದಾರೆ, ಕೈಗೆ ಎಷ್ಟು ಬರುತ್ತದೆ ಎಂದು ಕಾಲೇಜಿನವರನ್ನಲ್ಲ, ಆ ಹುಡುಗಿಯರನ್ನೇ ಕೇಳಿ. ಸಾಲ ಮಾಡಲೇಬೇಕಾದರೆ ಆದಷ್ಟು ಕಡಿಮೆ ಮಾಡಿ. ಓದಿನ ಕಾಲದಿಂದ ಕಂತು ಶುರುವಾಗುವ ತನಕ ಬಡ್ಡಿ ಕಟ್ಟುತ್ತ ಬಂದರೆ ನಾಲ್ಕು ಲಕ್ಷ ನಾಲ್ಕು ಲಕ್ಷವಾಗಿಯೇ ಉಳಿಯುತ್ತದೆ. ಸಾಲಪತ್ರದಲ್ಲಿ ತಂದೆಯ ಸಹಿಯೂ ಇರುತ್ತದೆ. ಕಂತು ತಪ್ಪಿದರೆ ನಾಳೆ ನಿಮಗೆ ಬೇಕಾದ ಸಾಲಕ್ಕೂ ಸಿಬಿಲ್ ಅಡ್ಡ ಬರುತ್ತದೆ.

ಇಷ್ಟು ಒಂದು ಮನೆಯ ಜಾಣತನ. ಮನೆ ಮನೆಯ ಜಾಣತನದಿಂದ ಮಾತ್ರ ಈ ಅನ್ಯಾಯ ತೀರದು. ಸಮಿತಿಯ ಸಲಹೆಗೆ ಕಾನೂನಿನ ಬಲ ಬರಬೇಕು. ಜಿಲ್ಲೆ ಜಿಲ್ಲೆಯಲ್ಲೂ ಸರ್ಕಾರಿ ನರ್ಸಿಂಗ್ ಸೀಟುಗಳು ಹೆಚ್ಚಬೇಕು. ಸಂಬಳಕ್ಕೆ ತಕ್ಕಂತೆ ಕಂತು ಇರಬೇಕೇ ಹೊರತು ಕಂತಿಗೆ ತಕ್ಕಂತೆ ಹಸಿವು ಇರಬಾರದು. ಇವುಗಳನ್ನು ಕೇಳಬೇಕಾದವರು ದಾದಿಯರು ಮಾತ್ರವಲ್ಲ. ಅವರ ಸಾಲಪತ್ರಕ್ಕೆ ಸಹಿ ಹಾಕಿದ ತಂದೆತಾಯಿಗಳೂ ಕೇಳಬೇಕು. ಗಿರಣಿಯ ಸಂಘ, ವರ್ತಕರ ಸಂಘ, ದಾದಿಯರ ಸಂಘ ಒಂದೇ ಮನವಿಗೆ ರುಜು ಹಾಕುವ ದಿನ ಸರ್ಕಾರಕ್ಕೆ ಕಿವಿ ಕೇಳಿಸೀತು.

ಆ ಮಿತ್ರರು ಸಾಲಪತ್ರವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೋದರು. ಇನ್ನೂ ಸಹಿ ಹಾಕಿಲ್ಲ. ಮಗಳು ಸರ್ಕಾರಿ ಸೀಟಿಗೆ ಅರ್ಜಿ ಹಾಕಿದ್ದಾಳೆ.