ಪುಸ್ತಕದ ದಾಸ್ತಾನು, ಕೈಯಲ್ಲಿರುವ ದಾಸ್ತಾನು: ಕರುಳಿನ ಬ್ಯಾಕ್ಟೀರಿಯಾ ಮತ್ತು ಬೀದರ್

ಪ್ರತಿ ವರ್ಷ ಮಾರ್ಚ್ 31ರ ಸುಮಾರಿಗೆ ವ್ಯಾಪಾರಿಗಳ ಗೋದಾಮುಗಳಲ್ಲಿ ದಾಸ್ತಾನು ಪರಿಶೀಲಿಸುವುದು ನಮ್ಮ ವೃತ್ತಿಯ ವಾಡಿಕೆ. ಮೈಲೂರಿನ ಸಗಟು ಔಷಧ ವ್ಯಾಪಾರಿಯೊಬ್ಬರಲ್ಲಿ ಈ ಕೆಲಸ ನಡೆದಿದ್ದಾಗ ಪ್ರೋಬಯಾಟಿಕ್ ಕ್ಯಾಪ್ಸೂಲುಗಳ ರಾಶಿಯ ಮುಂದೆ ನಾನು ತುಸು ಹೊತ್ತು ನಿಂತೆ. ಒಂದೊಂದು ಕ್ಯಾಪ್ಸೂಲಿನಲ್ಲಿ 500 ಕೋಟಿ ಜೀವಂತ ಬ್ಯಾಕ್ಟೀರಿಯಾಗಳಿವೆ ಎಂದು ಡಬ್ಬಿಯ ಮೇಲೆ ಮುದ್ರಿತವಾಗಿತ್ತು. “ಸಾಹೇಬ್ರ, ಡಬ್ಬಿ ಎಣಸ್ರಿ ಸಾಕು, ಒಳಗಿನ ಹುಳ ಎಣಸಾಕ ಹೋದ್ರ ಮುಂದಿನ ಮಾರ್ಚ್ ಬರ್ತದ” ಎಂದು ಅವರು ನಕ್ಕರು. ಡಬ್ಬಿಗಳನ್ನೇ ಎಣಿಸಿ ಸಹಿ ಮಾಡಿದೆ. ಆದರೆ ನಮ್ಮ ಮೇ ತಿಂಗಳ ಸೆಕೆಯನ್ನು ದಾಟಿದ ಮೇಲೆ ಅವುಗಳಲ್ಲಿ ಎಷ್ಟು ಜೀವಂತ ಉಳಿದಾವು ಎಂಬ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು.

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2016ರ ನಿಯಮಾವಳಿಯು ಇಂತಹ ಪದಾರ್ಥದ ದೈನಂದಿನ ಪ್ರಮಾಣದಲ್ಲಿ ಸಾಮಾನ್ಯವಾಗಿ ಕನಿಷ್ಠ 10 ಕೋಟಿ ಜೀವಂತ ಬ್ಯಾಕ್ಟೀರಿಯಾಗಳಿರಬೇಕೆಂದು ವಿಧಿಸಿತು. ಅವನ್ನು ಎಣಿಸುವ ಸಾಂಪ್ರದಾಯಿಕ ಮಾರ್ಗ ಬೆಳೆಸುವುದೇ. ಪುಡಿಯನ್ನು ಹಂತಹಂತವಾಗಿ ತೆಳುಗೊಳಿಸಿ, ಅಗರ್ ತಟ್ಟೆಯ ಮೇಲೆ ಹರಡಿ, ಬೆಚ್ಚಗಿರಿಸಿ, ಮೂಡಿದ ಚುಕ್ಕೆಗಳನ್ನು ಲೆಕ್ಕ ಹಾಕುತ್ತಾರೆ. ಬೆಳೆದದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ.

ಇಲ್ಲಿಯೇ ತೊಡಕಿರುವುದು. ಮನುಷ್ಯನ ಕರುಳಿನಲ್ಲಿ ನೂರಾರು ಬಗೆಯ ಬ್ಯಾಕ್ಟೀರಿಯಾಗಳಿವೆ. ಡಿಎನ್‌ಎ ಓದುವ ಯಂತ್ರಗಳು ಬಂದ ಮೇಲೆ ಅವುಗಳ ಹೆಸರಿನ ಪಟ್ಟಿ ಬಹುಬೇಗ ಉದ್ದವಾಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ಪುಸ್ತಕದ ದಾಸ್ತಾನು. ಸೂಕ್ಷ್ಮದರ್ಶಕದಲ್ಲಿ ಕಾಣುವ ಸಂಖ್ಯೆಗೂ ತಟ್ಟೆಯಲ್ಲಿ ಬೆಳೆಯುವ ಸಂಖ್ಯೆಗೂ ನಡುವಿನ ಭಾರೀ ಅಂತರಕ್ಕೆ 1985ರಲ್ಲಿ ಸ್ಟೇಲಿ ಮತ್ತು ಕೊನೊಪ್ಕಾ ಎಂಬ ವಿಜ್ಞಾನಿಗಳು ಒಂದು ಹೆಸರನ್ನೇ ಇಟ್ಟಿದ್ದರು. ಯಾವ ವ್ಯಾಪಾರಿಯ ಪುಸ್ತಕದಲ್ಲಾದರೂ ಅಂತಹ ಅಂತರ ಕಂಡಿದ್ದರೆ ನಾನು ವರದಿಗೆ ಸಹಿ ಹಾಕುತ್ತಿರಲಿಲ್ಲ.

ಕರುಳಿನ ಬ್ಯಾಕ್ಟೀರಿಯಾಗಳು ತಟ್ಟೆಯಲ್ಲಿ ಬೆಳೆಯದಿರಲು ಮೊದಲ ಕಾರಣ ಗಾಳಿ. ಇವುಗಳಲ್ಲಿ ಹೆಚ್ಚಿನವಕ್ಕೆ ಆಮ್ಲಜನಕವೇ ವಿಷ. ಆರೋಗ್ಯವಂತರ ಕರುಳಿನಲ್ಲಿ ಹೇರಳವಾಗಿರುವ ಫೀಕಲಿಬ್ಯಾಕ್ಟೀರಿಯಂ ಎಂಬುದು ಗಾಳಿ ಸೋಕಿದ ಕೆಲವೇ ನಿಮಿಷಗಳಲ್ಲಿ ಸಾಯುತ್ತದೆ. ಎರಡನೆಯದು ಆಹಾರ: ಒಂದು ಉಗುಳಿದ್ದನ್ನು ಇನ್ನೊಂದು ತಿಂದು ಬದುಕುವ ಈ ಸಮುದಾಯದಿಂದ ಒಬ್ಬನನ್ನು ಹೊರಗೆಳೆದು ಒಂಟಿಯಾಗಿ ಕೂರಿಸಿದರೆ ಅವನು ಉಪವಾಸ ಬೀಳುತ್ತಾನೆ.

ಈ ತೊಡಕನ್ನು ಮೊದಲು ಬಿಡಿಸಿದ್ದು ಮನುಷ್ಯನ ವೈದ್ಯಶಾಸ್ತ್ರವಲ್ಲ, ದನದ ಹೊಟ್ಟೆ. ಅಮೆರಿಕದ ರಾಬರ್ಟ್ ಹಂಗೇಟ್ ಅವರು ಮೆಲುಕು ಹಾಕುವ ಪ್ರಾಣಿಗಳ ಮೊದಲ ಹೊಟ್ಟೆಯಲ್ಲಿ ಹುಲ್ಲನ್ನು ಕರಗಿಸುವ ಬ್ಯಾಕ್ಟೀರಿಯಾಗಳನ್ನು ಹಿಡಿಯಲು ಹೊರಟು, ಆಮ್ಲಜನಕವಿಲ್ಲದ ಅನಿಲ ತುಂಬಿದ ಕೊಳವೆಯಲ್ಲಿ ಕರಗಿದ ಅಗರ್ ಹಾಕಿ, ಉರುಳಿಸಿ, ಒಳಗೋಡೆಗೆ ತೆಳುವಾಗಿ ಲೇಪಿಸುವ ವಿಧಾನವನ್ನು ರೂಪಿಸಿದರು. 1950ರಲ್ಲಿ ಅದು ಪ್ರಕಟವಾಯಿತು. ಕರುಳಿನ ಬ್ಯಾಕ್ಟೀರಿಯಾ ಬೆಳೆಸುವವರೆಲ್ಲ ಈ ವಿಧಾನದ ಋಣಿಗಳು. ಫ್ರಾನ್ಸಿನ ಮಾರ್ಸೇಲ್ಸ್ ನಗರದ ಪ್ರಯೋಗಾಲಯವು 2012ರಲ್ಲಿ 212 ಬಗೆಯ ಪರಿಸ್ಥಿತಿಗಳಲ್ಲಿ ಮಲದ ಮಾದರಿಗಳನ್ನು ಬೆಳೆಸಿ 340 ಪ್ರಭೇದಗಳನ್ನು ಗುರುತಿಸಿತು. 2016ರ ಹೊತ್ತಿಗೆ ಆ ಸಂಖ್ಯೆ 1,057ಕ್ಕೆ ಏರಿತು. ಪರಿಸ್ಥಿತಿಗಳನ್ನು ಮಾತ್ರ ಅವರು 18ಕ್ಕೆ ಇಳಿಸಿದ್ದರು, ಅಂದರೆ ಖರ್ಚು ತಗ್ಗಿ ಇಳುವರಿ ಹೆಚ್ಚಿತು. ಅವರಿಗೆ ಒಳ್ಳೆಯ ಫಲ ಕೊಟ್ಟ ಪಾಕಗಳಲ್ಲಿ ಒಂದು, ಕುರಿಯ ರಕ್ತ ಮತ್ತು ಮೆಲುಕುಚೀಲದ ಸೋಸಿದ ರಸ ಬೆರೆಸಿದ ಸೀಸೆ! ಕಸಾಯಿಖಾನೆಯಲ್ಲಿ ಚರಂಡಿಗೆ ಹೋಗುವ ಪದಾರ್ಥವಿದು. ನಮ್ಮ ಬಿದರಿ ಕುಶಲಕರ್ಮಿಗಳು ಹಳೆಯ ಕೋಟೆಯ ಮಣ್ಣಿಲ್ಲದೆ ಕಪ್ಪು ಬಣ್ಣ ಬರುವುದಿಲ್ಲ ಎನ್ನುವುದು ನೆನಪಾಗುತ್ತದೆ.

ಅದೇ 2016ರಲ್ಲಿ ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯವರು ಇನ್ನೂ ಸರಳವಾದ ದಾರಿ ತೋರಿದರು. ಮಾದರಿಯನ್ನು ಮದ್ಯಸಾರದಲ್ಲಿ ನೆನೆಸಿದರೆ ಸಾಮಾನ್ಯ ಬ್ಯಾಕ್ಟೀರಿಯಾ ಸಾಯುತ್ತವೆ, ಬೀಜಾಣು ಕಟ್ಟುವವು ಮಾತ್ರ ಉಳಿದು ಮುಂದೆ ಮೊಳೆಯುತ್ತವೆ. ಕೇವಲ ಆರು ಜನರ ಮಾದರಿಗಳಿಂದ, ಒಂದೇ ಪೋಷಕ ಪಾಕ ಬಳಸಿ, ಅವರು 137 ಪ್ರಭೇದಗಳನ್ನು ಬೆಳೆಸಿದರು.

ವ್ಯಾಪಾರಿಗಳಿಗೆ ಇದರಿಂದೇನು ಎಂದು ಕೇಳಬಹುದು. 2023ರ ಏಪ್ರಿಲ್‌ನಲ್ಲಿ ಅಮೆರಿಕವು ಕರುಳಿನ ಮೊಂಡು ಸೋಂಕು ಮರುಕಳಿಸದಂತೆ ತಡೆಯಲು ‘ವೌಸ್ಟ್’ ಎಂಬ ಕ್ಯಾಪ್ಸೂಲಿಗೆ ಅನುಮತಿ ನೀಡಿತು. ಅದು ದಾನಿಗಳ ಮಲದಿಂದ ಬೇರ್ಪಡಿಸಿದ ಬೀಜಾಣುಗಳ ಔಷಧ. ಕಚ್ಚಾ ಮಾಲಿಗೆ ಸದಾ ದಾನಿಯನ್ನು ಅವಲಂಬಿಸಿದ ಉದ್ಯಮದಲ್ಲಿ ಒಂದು ಬ್ಯಾಚಿನಂತೆ ಇನ್ನೊಂದು ಬ್ಯಾಚ್ ಇರುವುದು ಕಷ್ಟ. ಆದ್ದರಿಂದಲೇ ಆಯ್ದ ತಳಿಗಳನ್ನು ತೊಟ್ಟಿಯಲ್ಲಿ ಬೆಳೆಸಿ ಔಷಧ ಮಾಡಲು ಕೆಲವು ಸಂಸ್ಥೆಗಳು ಶ್ರಮಿಸುತ್ತಿವೆ. ಒಡೆತನದ ಮಾತೂ ಇದೆ. ಹೊಸ ತಳಿಯ ಮೇಲೆ ಪೇಟೆಂಟ್ ಬಯಸುವವರು ಅದನ್ನು ಚಂಡೀಗಢ ಅಥವಾ ಪುಣೆಯಂತಹ ಮಾನ್ಯತೆ ಪಡೆದ ಭಂಡಾರದಲ್ಲಿ ಠೇವಣಿ ಇಡಬೇಕು. ಬೆಳೆಸಲಾಗದ್ದನ್ನು ಠೇವಣಿ ಇಡಲು ಬರುವುದಿಲ್ಲ. ಜೋಳದ ರೊಟ್ಟಿ, ತೊಗರಿ, ಕಡಲೆ ತಿಂದು ಬೆಳೆದ ಔರಾದ, ಭಾಲ್ಕಿಯ ಕರುಳುಗಳಲ್ಲಿ ಏನಿದೆಯೋ ಅದನ್ನು ಬೆಳೆಸಿದವನು ಒಡೆಯನಾಗುತ್ತಾನೆ, ಮಾದರಿ ಕೊಟ್ಟವನಲ್ಲ.

ಬೀದರಿಗೆ ಇಲ್ಲಿ ಅಪರೂಪದ ಅನುಕೂಲವಿದೆ. 2004ರ ಕಾಯ್ದೆಯಿಂದ ಸ್ಥಾಪಿತವಾದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ನಂದಿನಗರದಲ್ಲಿದೆ. ಮನುಷ್ಯರ ಮಾದರಿಗೆ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ. ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಔಷಧ ಘಟಕಗಳಿವೆ, ಹೈದರಾಬಾದಿನ ಮಾರುಕಟ್ಟೆ ಕೆಲವೇ ತಾಸುಗಳ ದೂರ. ಬೇಕಾಗಿರುವುದು ಸದಸ್ಯರು ಶುಲ್ಕ ತೆತ್ತು ಬಳಸಬಹುದಾದ, ಆಮ್ಲಜನಕರಹಿತ ಕೋಣೆಗಳುಳ್ಳ ಒಂದು ಸಾಮಾನ್ಯ ಪ್ರಯೋಗಾಲಯ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ಕ್ಲಸ್ಟರ್ ಯೋಜನೆಯಲ್ಲಿ ಸಾಮಾನ್ಯ ಸೌಲಭ್ಯ ಕೇಂದ್ರಕ್ಕೆ ಅವಕಾಶವಿದೆ. 371(ಜೆ) ಅನುಚ್ಛೇದದ ಫಲವಾದ ಪ್ರದೇಶಾಭಿವೃದ್ಧಿ ಮಂಡಳಿಯ ಬಳಿಗೆ ನಾವು ರಸ್ತೆ, ಕಟ್ಟಡಗಳ ಬೇಡಿಕೆಯನ್ನಷ್ಟೇ ಏಕೆ ಒಯ್ಯಬೇಕು?

ಇದನ್ನು ಒಬ್ಬೊಬ್ಬರೇ ಮಾಡಲಿ ಎಂದು ಹೇಳಲಾರೆ. ಕಂಪನಿಗಳ ಅನುಮೋದಿತ ಸಂಶೋಧನಾ ವೆಚ್ಚಕ್ಕೆ ದೊರೆಯುತ್ತಿದ್ದ ತೆರಿಗೆ ಕಡಿತ 2017ರಲ್ಲಿ ಶೇ. 200ರಿಂದ 150ಕ್ಕೆ, 2020ರಲ್ಲಿ 100ಕ್ಕೆ ಇಳಿಯಿತು. ಸಣ್ಣ ಘಟಕವೊಂದು ಈ ಭಾರ ಹೊತ್ತರೆ ಮುರಿದು ಬೀಳುತ್ತದೆ. ಹೊಸ ತಳಿ ಸಿಗುವವರೆಗೂ ಪ್ರಯೋಗಾಲಯ ಸುಮ್ಮನಿರಬೇಕಾಗಿಲ್ಲ. ಪ್ರೋಬಯಾಟಿಕ್ ಔಷಧಗಳ, ಪಶು ಆಹಾರದ ಜೀವಂತ ಪುಡಿಗಳ ಎಣಿಕೆಯ ಪ್ರಮಾಣಪತ್ರ ನೀಡಿ ತನ್ನ ಖರ್ಚಿನ ಒಂದು ಪಾಲನ್ನಾದರೂ ಅದು ದುಡಿದುಕೊಳ್ಳಬಹುದು. ನಮ್ಮ ಸಂಸ್ಥೆಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಲಿ, ಕುಲಪತಿಗಳಿಗೂ ವೈದ್ಯಕೀಯ ಸಂಸ್ಥೆಯ ನಿರ್ದೇಶಕರಿಗೂ ಪತ್ರ ಹೋಗಲಿ. ವೆಚ್ಚದ ಕರಡು ಅಂದಾಜನ್ನು ಶುಲ್ಕವಿಲ್ಲದೆ ಸಿದ್ಧಪಡಿಸಿಕೊಡಲು ನಾನು ತಯಾರಿದ್ದೇನೆ.